ಕ್ಯಾಥರಿನಾಳ ಕೊನೆಯ ಮಾತನ್ನು ರಂಗಕ್ಕೆ ತಂದ ಬಗೆ

ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದ ಶ್ರೂ’ ನಾಟಕವನ್ನು ನಮ್ಮ ಹವ್ಯಾಸಿ ತಂಡಕ್ಕೆ ನಿರ್ದೇಶಿಸಲು ಒಪ್ಪಿಕೊಂಡಾಗ ನನ್ನನ್ನು ಕಾಡಿದ್ದು ಒಂದೇ ಭಾಗ: ಗಯ್ಯಾಳಿಯೆನಿಸಿಕೊಂಡಿದ್ದ ನಾಯಕಿ ಕ್ಯಾಥರಿನಾ ಗಂಡನೇ ಒಡೆಯನೆಂದು ಹೇಳುವ 44 ಸಾಲುಗಳ ಕೊನೆಯ ಮಾತು. ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕ ಮತ್ತು ಅದನ್ನು ಆಧರಿಸಿದ 1989ರ ‘ನಂಜುಂಡಿ ಕಲ್ಯಾಣ’ ಚಿತ್ರದಿಂದಾಗಿ ಈ ಕಥೆ ನಮ್ಮವರಿಗೆ ಹೊಸದಲ್ಲ. ಮಾಲಾಶ್ರೀಯವರ ಗಟ್ಟಿಗಿತ್ತಿಯನ್ನು ಮೆಚ್ಚಿದ ಪ್ರೇಕ್ಷಕರ ಎದುರು ಕುಗ್ಗಿಹೋದ ಹೆಣ್ಣೊಬ್ಬಳನ್ನು ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಹಾಗೆಂದು ಆ ಮಾತನ್ನೇ ಕತ್ತರಿಸಿಹಾಕುವುದೂ ಸರಿಯೆನಿಸಲಿಲ್ಲ.

ತಾಲೀಮಿಗೆ ಮೊದಲು, ಪಾತ್ರ ವಹಿಸಲಿದ್ದ ನಟಿಯೊಡನೆ ಕುಳಿತು ಎರಡು ಹಳೆಯ ಚಿತ್ರಗಳ ಆ ದೃಶ್ಯವನ್ನು, ಧ್ವನಿಯನ್ನು ಪೂರ್ತಿ ಅಡಗಿಸಿ, ಮತ್ತೆ ಮತ್ತೆ ನೋಡಿದೆ. 1929ರ ಚಿತ್ರದಲ್ಲಿ ಮೇರಿ ಪಿಕ್‌ಫೋರ್ಡ್ ಮಾತು ಮುಗಿಸುತ್ತ ತಂಗಿಯತ್ತ ಕಣ್ಣು ಮಿಟುಕಿಸುತ್ತಾಳೆ. ಅದರಲ್ಲಿ ಜಾಣತನವಿದೆ, ಆದರೆ ಅಲ್ಲಿಯವರೆಗೆ ಮನಸ್ಸಿನಲ್ಲಿದ್ದುದನ್ನು ಮುಖಕ್ಕೆ ಹೊಡೆದಂತೆ ಆಡುತ್ತಿದ್ದವಳು ಆ ಗಳಿಗೆಯಿಂದ ಮನಸ್ಸನ್ನು ಮುಚ್ಚಿಟ್ಟು ಬಾಳುವವಳಾಗಿಬಿಡುತ್ತಾಳೆ ಎಂಬುದು ನನ್ನ ಅನಿಸಿಕೆ. ಮೇಲಾಗಿ, ಕ್ಯಾಮೆರಾಕ್ಕೆ ಕಾಣುವ ಆ ಮಿಟುಕು ರಂಗಮಂದಿರದ ಹಿಂದಿನ ಸಾಲುಗಳಿಗೆ ಕಾಣದು. 1967ರ ಚಿತ್ರದಲ್ಲಿ ನಿರ್ದೇಶಕ ಫ್ರಾಂಕೋ ಜೆಫಿರೆಲ್ಲಿ ಮಾಡಿದ್ದೇ ಬೇರೆ. ಎಲಿಜಬೆತ್ ಟೇಲರ್ ಇಡೀ ಮಾತನ್ನು ಮನಸಾರೆ ಆಡಿ, ಆಮೇಲೆ ಗಂಡನಿಗಾಗಿ ಕಾಯದೆ ಹೊರಟುಹೋಗುತ್ತಾಳೆ. ಅವಳ ಗಂಡ ಪೆಟ್ರೂಕಿಯೋ ಆದ ರಿಚರ್ಡ್ ಬರ್ಟನ್ ಹೆಂಗಸರ ಗುಂಪಿನ ನಡುವೆ ನುಗ್ಗಿ ಅವಳ ಬೆನ್ನು ಹಿಡಿಯಬೇಕಾಗುತ್ತದೆ. ಹೆಣ್ಣಿನ ಬಲವನ್ನು ಮಾತಿನ ಅರ್ಥದಲ್ಲಷ್ಟೇ ಹುಡುಕದೆ, ಮಾತು ಮುಗಿದ ಮೇಲೆ ಯಾರು ಯಾರ ಕಡೆಗೆ ಚಲಿಸುತ್ತಾರೆ ಎಂಬುದರಲ್ಲಿ ತೋರಿಸಬಹುದೆಂದು ನನಗೆ ಹೊಳೆದದ್ದು ಆಗಲೇ.

ಹೀಗಾಗಿ ಒಂದು ಸಾಲನ್ನೂ ಬಿಡದೆ, ಪೂರ್ತಿ ಮಾತನ್ನು ತಗ್ಗಿದ ದನಿಯಲ್ಲಿ, ಅವಸರವಿಲ್ಲದೆ ಆಡಿಸಿದೆ. ಪೆಟ್ರೂಕಿಯೋನನ್ನು ರಂಗದ ಇನ್ನೊಂದು ತುದಿಯಲ್ಲಿ, ಯಾರ ಹೆಂಡತಿ ಹೆಚ್ಚು ವಿಧೇಯಳು ಎಂಬ ಪಂಥದಲ್ಲಿ ಗೆದ್ದ ಹಣದ ಚೀಲ ಎರಡೂ ಕೈಗಳಲ್ಲಿ ಇರುವಂತೆ ನಿಲ್ಲಿಸಿದೆ. ಗಂಡನ ಪಾದದಡಿ ಕೈಯಿಡಲು ಸಿದ್ಧ ಎನ್ನುವಲ್ಲಿ ಕ್ಯಾಥರಿನಾ ಅಂಗೈಯನ್ನು ನೆಲಕ್ಕೆ ತಾಗಿಸಿ, ಅವನನ್ನೇ ದಿಟ್ಟಿಸುತ್ತ ಸುಮ್ಮನಾಗುತ್ತಾಳೆ. ಅವಳನ್ನು ಎಬ್ಬಿಸಬೇಕಾದರೆ ಅವನು ಚೀಲವನ್ನು ಕೆಳಗಿಡಬೇಕು, ರಂಗದ ಉದ್ದಕ್ಕೂ ನಡೆದು ಬರಬೇಕು, ತಾನೂ ಮಂಡಿಯೂರಬೇಕು. ಒಂದೇ ಕೈಯಿಂದ ಅವಳನ್ನು ಎಳೆದೆಬ್ಬಿಸಿದರೆ ಸಾಲದೇ ಎಂದು ನಟ ಕೇಳಿದಾಗ, ನೀವು ಮಂಡಿಯೂರುವವರೆಗೂ ನಾನು ಏಳುವುದಿಲ್ಲ ಎಂದು ನನಗಿಂತ ಮೊದಲು ಉತ್ತರಿಸಿದವರು ಆ ನಟಿಯೇ.