ಲಿಂಕ್ ಹಾಕಿ ಸುಮ್ಮನಾಗಬೇಡಿ: ಸೋಶಿಯಲ್ ಮೀಡಿಯಾದ ಓದುಗರನ್ನು ನಿಮ್ಮ ವೆಬ್‌ಸೈಟಿನಲ್ಲಿ ಕೂರಿಸುವುದು ಹೇಗೆ

ಅಡಿಕೆ ತೋಟದ ಬಗ್ಗೆ ನಾನೊಂದು ಸಣ್ಣ ಕನ್ನಡ ವೆಬ್‌ಸೈಟ್ ನಡೆಸುತ್ತೇನೆ. ಶುರುವಿನಲ್ಲಿ ನನ್ನದು ಒಂದೇ ಪದ್ಧತಿ: ಲೇಖನ ಬರೆಯುವುದು, ಲಿಂಕನ್ನು ಫೇಸ್‌ಬುಕ್ ಪುಟಕ್ಕೂ ಸಿಕ್ಕ ವಾಟ್ಸಾಪ್ ಗುಂಪುಗಳಿಗೂ ಹಾಕುವುದು, ಆಮೇಲೆ ಎಷ್ಟು ಜನ ಬಂದರು ಅಂತ ನೋಡುತ್ತಾ ಕೂರುವುದು. ಜನ ಬರುತ್ತಿದ್ದರು, ನಾಲ್ಕು ಸಾಲು ಓದಿ ಹೋಗುತ್ತಿದ್ದರು. ಚರ್ಚೆಯೆಲ್ಲ ಗುಂಪಿನಲ್ಲೇ ನಡೆಯುತ್ತಿತ್ತು, ನನ್ನ ಪುಟದಲ್ಲಿ ಒಂದು ಕಾಮೆಂಟೂ ಇರುತ್ತಿರಲಿಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾಗಿದ್ದು, ಆ ಗುಂಪುಗಳಲ್ಲಿ ಜನ ಏನು ಕೇಳುತ್ತಾರೆ ಅಂತ ಸುಮ್ನೆ ಕೂತು ಓದಿದ ಮೇಲೆ.

ಹಾಗಾಗಿ ಮೊದಲ ಒಂದು ವಾರ ಏನೂ ಪೋಸ್ಟ್ ಮಾಡಬೇಡಿ. ನಿಮ್ಮ ಓದುಗರಿರುವ ಗುಂಪುಗಳಲ್ಲಿ ಬರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಲೇಖನದ ತಲೆಬರಹ 'ಕೊಳೆರೋಗ ನಿರ್ವಹಣಾ ಕ್ರಮಗಳು' ಅಂತಿತ್ತು. ಜನ ಕೇಳುತ್ತಿದ್ದದ್ದು '200 ಲೀಟರ್ ಡ್ರಮ್ಮಿಗೆ ಮೈಲುತುತ್ತ ಎಷ್ಟು?' ಅಂತ. ಅಡಿಕೆ ಕಾಯಿ ಕೊಳೆತು ಉದುರುವ ಈ ರೋಗ ತಡೆಯಲು ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಅಂದರೆ ಆ ಡ್ರಮ್ಮಿಗೆ ಎರಡೆರಡು ಕಿಲೋ. ಉತ್ತರ ನನ್ನ ಲೇಖನದಲ್ಲಿ ಇತ್ತು, ಆದರೆ ಎಲ್ಲೋ ಕೆಳಗೆ ಹೂತುಹೋಗಿತ್ತು. ಅದನ್ನು ಮೊದಲ ಸಾಲಿಗೆ ತಂದೆ, ತಲೆಬರಹದ ಜಾಗದಲ್ಲಿ ಆ ಪ್ರಶ್ನೆಯನ್ನೇ ಇಟ್ಟೆ.

ಇನ್ನು ಪೋಸ್ಟ್ ಬರೆಯುವ ಬಗೆ. ಅರ್ಧ ಹೇಳಿ 'ಹೆಚ್ಚಿನ ಮಾಹಿತಿಗೆ ಲಿಂಕ್ ಒತ್ತಿ' ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಎತ್ತಿದ ಪ್ರಶ್ನೆಗೆ ಅಲ್ಲೇ ಪೂರ್ತಿ ಉತ್ತರ ಕೊಡಿ. ಬೋರ್ಡೋ ದ್ರಾವಣದಲ್ಲಿ ಅದ್ದಿ ಕೆಂಪಗಾದ ಕತ್ತಿಯ ಫೋಟೋ ಹಾಕಿ, 'ಹೀಗಾದರೆ ನೀವು ಏನು ಮಾಡುತ್ತೀರಿ?' ಅಂತ ನಾನು ಕೇಳುತ್ತೇನೆ. ಬೆಳಗ್ಗೆ ಕೇಳಿದ್ದಕ್ಕೆ ಸಂಜೆಯೊಳಗೆ ಹತ್ತಾರು ತೋಟದ ಅನುಭವ ಬಂದಿರುತ್ತದೆ. ಆಮೇಲೆ ನಾನೂ ಬರೆಯುತ್ತೇನೆ: ಕತ್ತಿ ಕೆಂಪಾದರೆ ದ್ರಾವಣದಲ್ಲಿ ಹುಳಿ ಉಳಿದಿದೆ ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಎಲ್ಲ ಅಲ್ಲೇ ಸಿಕ್ಕರೆ ಲಿಂಕ್ ಯಾಕೆ ಒತ್ತುತ್ತಾರೆ ಅಂತ ನೀವು ಕೇಳಬಹುದು, ಅಲ್ವಾ? ಫೇಸ್‌ಬುಕ್‌ನಲ್ಲಿ ಆಗದ ಒಂದು ಕೆಲಸ ಸೈಟಿನಲ್ಲಿ ಆಗುವಂತಿದ್ದರೆ ಒತ್ತುತ್ತಾರೆ. ನನ್ನ ಸೈಟಿನಲ್ಲಿ ಎಷ್ಟು ಲೀಟರ್ ಅಂತ ಹಾಕಿದರೆ ಮೈಲುತುತ್ತದ, ಸುಣ್ಣದ ತೂಕ ಹೇಳುವ ಸಣ್ಣ ಲೆಕ್ಕದ ಡಬ್ಬಿ ಇದೆ. ನಿಮ್ಮದು ಅಡುಗೆ ಸೈಟಾದರೆ ನಾಲ್ಕು ಜನರ ಅಳತೆಯನ್ನು ನಲವತ್ತು ಜನರಿಗೆ ಬದಲಿಸುವ ಬಟನ್ ಇಡಿ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದರ ಮುಂದಿನ ಹೆಜ್ಜೆ. ಗುಂಪಿನಲ್ಲಿ ಯಾರೋ ಒಬ್ಬರು ತಮ್ಮ ತೋಟದಲ್ಲಿ ಮಳೆ ತಾಗದಂತೆ ಅಡಿಕೆ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟಿದ ಅನುಭವ ಬರೆಯುತ್ತಾರೆ. ಎರಡು ದಿನದಲ್ಲಿ ಅದು ನೂರಾರು ಮೆಸೇಜಿನ ಕೆಳಗೆ ಹೂತುಹೋಗುತ್ತದೆ, ಮುಂದಿನ ವರ್ಷ ಹುಡುಕಿದರೂ ಸಿಗುವುದಿಲ್ಲ. ಅವರನ್ನು ಕೇಳಿ, ಒಪ್ಪಿಗೆ ಪಡೆದು, ಅವರ ಮಾತನ್ನು, ಫೋಟೋವನ್ನು ಸೈಟಿನ ಲೇಖನದಲ್ಲಿ ಅವರು ಹೇಳಿದ ಹೆಸರಿನಲ್ಲೇ ಸೇರಿಸಿ. ಆಮೇಲೆ ಆ ಲಿಂಕನ್ನು ಮೊದಲು ಅವರಿಗೇ ಕಳಿಸಿ. ಅವರು ಅದನ್ನು ಸ್ಟೇಟಸ್‌ಗೆ ಹಾಕುತ್ತಾರೆ, ಅಣ್ಣತಮ್ಮಂದಿರಿಗೆ ಕಳಿಸುತ್ತಾರೆ, ಆ ಕಡೆಯಿಂದ ಬಂದವರು 'ನಮ್ಮಲ್ಲಿ ಹೀಗಾಯಿತು' ಅಂತ ಕೆಳಗೆ ಬರೆಯುತ್ತಾರೆ. ನನ್ನ ಪುಟಕ್ಕೆ ಕಾಮೆಂಟು ಬರಲು ಶುರುವಾಗಿದ್ದೇ ಹೀಗೆ.

ಲಿಂಕ್ ಹೇಗೆ ಕಾಣುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಲಿಂಕ್ ಹಾಕಿದಾಗ ಬರುವ ಚಿತ್ರ ಮತ್ತು ತಲೆಬರಹ, ಫೇಸ್‌ಬುಕ್ 2010ರಲ್ಲಿ ತಂದ, ಪುಟದ ಕೋಡಿನಲ್ಲಿ ಬರೆಯುವ ಓಪನ್ ಗ್ರಾಫ್ ಟ್ಯಾಗ್‌ಗಳಿಂದ ಬರುತ್ತವೆ. ವಾಟ್ಸಾಪ್ ಕೂಡ ಅವನ್ನೇ ಓದುತ್ತದೆ. ಚಿತ್ರ 1200 × 630 ಪಿಕ್ಸೆಲ್ ಇರಲಿ, ತೂಕ 300 ಕೆಬಿ ದಾಟದಿರಲಿ, ಅಕ್ಷರಗಳು ದೊಡ್ಡದಾಗಿ ನಡುವೆ ಇರಲಿ. ತಪ್ಪು ಚಿತ್ರ ಬಂದರೆ ಫೇಸ್‌ಬುಕ್‌ನ ಶೇರಿಂಗ್ ಡಿಬಗರ್‌ನಲ್ಲಿ ಲಿಂಕ್ ಹಾಕಿ ಮತ್ತೆ ಓದಿಸಿ. ವಾಟ್ಸಾಪ್‌ನಲ್ಲಿ ಕಳಿಸಿಬಿಟ್ಟ ಮೇಲೆ ಆ ಮೆಸೇಜಿನ ಚಿತ್ರ ಬದಲಾಗುವುದಿಲ್ಲ, ಆದ್ದರಿಂದ ಮೊದಲು ನಿಮಗೇ ಒಮ್ಮೆ ಕಳಿಸಿಕೊಂಡು ನೋಡಿ. ಕನ್ನಡದವರಿಗೆ ಇನ್ನೊಂದು ತೊಂದರೆ ಇದೆ. ಪುಟದ ವಿಳಾಸವನ್ನು ಕನ್ನಡ ಅಕ್ಷರದಲ್ಲಿ ಇಟ್ಟರೆ, ಕಾಪಿ ಮಾಡಿ ಅಂಟಿಸುವಾಗ ಅದು ಸಾಮಾನ್ಯವಾಗಿ ಶೇಕಡಾ ಚಿಹ್ನೆಗಳ ಸರಪಳಿಯಾಗುತ್ತದೆ. ಸ್ವರಚಿಹ್ನೆಗಳನ್ನೂ ಸೇರಿಸಿ ಒಂದೊಂದಕ್ಕೂ 9 ಜಾಗ ಬೇಕು, 'ಕೊಳೆರೋಗ' ಅನ್ನುವ ಒಂದೇ ಪದಕ್ಕೆ 63. ನೋಡಿದವರಿಗೆ ಅದು ವೈರಸ್ ಲಿಂಕ್ ಥರ ಕಾಣುತ್ತದೆ. ಭಾಷೆಯ ಮೇಲೆ ನನಗೂ ಅಭಿಮಾನ ಇದೆ, ಆದರೂ ವಿಳಾಸವನ್ನು ಮಾತ್ರ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಇಡಿ ಅಂತಲೇ ಹೇಳುತ್ತೇನೆ.

ನಮ್ಮ ಗುಂಪುಗಳಲ್ಲಿ ಲಿಂಕಿಗಿಂತ ಸ್ಕ್ರೀನ್‌ಶಾಟ್ ಜಾಸ್ತಿ ಓಡಾಡುತ್ತದೆ. ನನ್ನ ಅಳತೆಯ ಪಟ್ಟಿಯ ಫೋಟೋ ಒಮ್ಮೆ ಊರೆಲ್ಲ ಸುತ್ತಿ ನನ್ನ ಫೋನಿಗೇ ವಾಪಸ್ ಬಂತು, ಎಲ್ಲಿಯದು ಅಂತ ಯಾರಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ಪ್ರತಿ ಚಿತ್ರದ ಮೂಲೆಯಲ್ಲಿ ಸೈಟಿನ ವಿಳಾಸ ಹಾಕುತ್ತೇನೆ.

ಒಂದೊಂದು ಜಾಗದ ಗುಣ ಒಂದೊಂದು. ಫೇಸ್‌ಬುಕ್ 2018ರಲ್ಲಿ ಪುಟಗಳ ಪೋಸ್ಟಿಗಿಂತ ಬಂಧುಮಿತ್ರರ ಮಾತುಕತೆಗೆ ಜಾಗ ಕೊಡುವುದಾಗಿ ಹೇಳಿತು, ಆದ್ದರಿಂದ ಅಲ್ಲಿ ಪುಟದ ಜೊತೆಗೆ ಗುಂಪೊಂದನ್ನೂ ನಡೆಸಿ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಬಯೋದಲ್ಲಿ ಕೊಡಿ ಅಥವಾ ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಅಂಟಿಸಿ. ಯೂಟ್ಯೂಬ್ ಶಾರ್ಟ್ಸ್‌ನ ವಿವರಣೆಯಲ್ಲೂ ಕಾಮೆಂಟಿನಲ್ಲೂ ಲಿಂಕ್ ಕೆಲಸ ಮಾಡುವುದನ್ನು 2023ರ ಆಗಸ್ಟ್ 31ರಿಂದ ನಿಲ್ಲಿಸಿದ್ದಾರೆ. ಶಾರ್ಟ್‌ನಿಂದ ಉದ್ದದ ವಿಡಿಯೋಗೆ ಕರೆದುಕೊಂಡು ಹೋಗಿ, ಅದರ ವಿವರಣೆಯಲ್ಲಿ ಲಿಂಕ್ ಇಡಿ.

ಹೀಗೆ ಬಂದವರು ಬಹಳಷ್ಟು ಸಲ ಆಯಾ ಆಪ್‌ನ ಒಳಗಿನ ಬ್ರೌಸರ್‌ನಲ್ಲೇ ಓದುತ್ತಾರೆ. ಅಲ್ಲಿ ಅವರು ನಿಮ್ಮ ಸೈಟಿಗೆ ಲಾಗಿನ್ ಆಗಿರುವುದಿಲ್ಲ. ಕಾಮೆಂಟ್ ಬರೆಯಲು ಹೆಸರು ಮಾತ್ರ ಸಾಕು ಅಂತ ಮಾಡಿ, ಬೇಡದ್ದನ್ನು ನೀವೇ ಆಮೇಲೆ ತೆಗೆಯಿರಿ. ಪುಟ ತೆರೆದ ಕೂಡಲೇ ಪಾಪಪ್ ಎದ್ದು ಬರುವುದು ಬೇಡವೇ ಬೇಡ. ಮಲೆನಾಡಿನ ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಓದುವವರನ್ನು ನೆನೆಸಿಕೊಂಡು ಫೋಟೋಗಳನ್ನು ಸಣ್ಣದು ಮಾಡಿ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ.

ಲೆಕ್ಕ ಇಡುವಾಗ ಬಂದವರ ಸಂಖ್ಯೆ ನೋಡಿ ಹಿಗ್ಗಬೇಡಿ. ಸೈಟಿನ ಭೇಟಿಗಳ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ 10 ಸೆಕೆಂಡಿಗಿಂತ ಜಾಸ್ತಿ ಇದ್ದ, ಅಥವಾ ಎರಡು ಪುಟ ನೋಡಿದ, ಅಥವಾ ನೀವು ಗುರುತು ಹಾಕಿದ ಮುಖ್ಯ ಕೆಲಸ ಮಾಡಿದ ಭೇಟಿಯನ್ನು ಎಂಗೇಜ್ಡ್ (ಮನಸ್ಸಿಟ್ಟು ನೋಡಿದ್ದು) ಅಂತ ಎಣಿಸುತ್ತಾರೆ. ವಾಟ್ಸಾಪ್‌ನಿಂದ ಬಂದವರು ಅಲ್ಲಿ ಹೆಚ್ಚಾಗಿ 'ಡೈರೆಕ್ಟ್', ಅಂದರೆ ಎಲ್ಲಿಂದ ಬಂದರು ಅಂತ ಗೊತ್ತಿಲ್ಲದವರು, ಅಂತ ಕಾಣುತ್ತಾರೆ. ಎಲ್ಲಿಂದ ಬಂದರು ಅಂತ ತಿಳಿಯಬೇಕಾದರೆ ಪ್ರತಿ ಜಾಗಕ್ಕೂ ಬೇರೆ ಯುಟಿಎಂ ಗುರುತಿನ (ವಿಳಾಸದ ಕೊನೆಗೆ ಸೇರಿಸುವ ಸಣ್ಣ ಗುರುತು) ಲಿಂಕ್ ಮಾಡಿಕೊಳ್ಳಿ.

ಹಳೆಯ ಲೇಖನವನ್ನು ಅದರ ಕಾಲ ಬಂದಾಗ ಮತ್ತೆ ಹೊರಗೆ ತನ್ನಿ. ನಾನು ಬೋರ್ಡೋ ಲೇಖನವನ್ನು ಮೇ ಕೊನೆಯಲ್ಲಿ, ಮುಂಗಾರು ಹಿಡಿಯುವ ಮೊದಲು ಒಮ್ಮೆ ಹಾಕುತ್ತೇನೆ. 40-45 ದಿನ ಬಿಟ್ಟು ಎರಡನೇ ಸಲ ಹೊಡೆಯುವ ಹೊತ್ತಿಗೆ ಇನ್ನೊಮ್ಮೆ ಅದೇ ಲಿಂಕ್, ಆದರೆ ಪ್ರಶ್ನೆ ಬೇರೆ: 'ಮಳೆ ಬಿಡುವು ಕೊಟ್ಟಿದೆಯಾ ನಿಮ್ಮಲ್ಲಿ?'