ಸೇಫ್ ತಗೊಳ್ಳೋ ಮುಂಚೆ

ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಒಂದು ಮಾತು. ಸೇಫ್ ತರುವಾಗ ಸುಮ್ನೆ ತೂಕ, ಬೀಗ ನೋಡಿ ತರಬೇಡಿ. ಸಾದಾ ಕಬ್ಬಿಣದ ಪೆಟ್ಟಿಗೆ ಕಳ್ಳರಿಗೆ ಅಡ್ಡಿ, ಬೆಂಕಿಗಲ್ಲ. ಬೆಂಕಿ ತಡೆಯುವುದರಲ್ಲೂ ಎರಡು ಬಗೆ. ಕಾಗದಕ್ಕೆಂದು ಮಾಡಿದ್ದು ಒಳಗಿನ ಬಿಸಿಯನ್ನು ಸುಮಾರು 177 ಡಿಗ್ರಿ ಸೆಲ್ಸಿಯಸ್ ದಾಟದಂತೆ ತಡೆಯುತ್ತದೆ. ಕ್ರಯಪತ್ರ ಉಳಿಯುತ್ತದೆ, ಪಕ್ಕದ ಹಾರ್ಡ್ ಡಿಸ್ಕ್ ಕೈಕೊಡುತ್ತದೆ! ಹಾರ್ಡ್ ಡಿಸ್ಕ್‌ನಂಥವಕ್ಕೆಂದೇ ಮಾಡಿದ ಡೇಟಾ ದರ್ಜೆಯದರಲ್ಲಿ ಆ ಮಿತಿ ಸುಮಾರು 52 ಡಿಗ್ರಿ. ಅದನ್ನೇ ಕೇಳಿ.

ಇನ್ನು ನಮ್ಮ ಮಳೆಗಾಲ. ಬೆಂಕಿ ತಡೆಯುವ ಪದರದಲ್ಲೇ ನೀರಿನಂಶ ಇರುತ್ತದೆ, ಅದರ ಮೇಲೆ ಜುಲೈ ತಿಂಗಳ ಥಂಡಿ ಬೇರೆ. ಹೋದ ವರ್ಷ ಅಜ್ಜನ ಕಾಲದ ಪತ್ರಕ್ಕೆ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಈಗ ಎಲ್ಲವನ್ನೂ ಜಿಪ್ ಕವರಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಬಿಸಿಲು ಬಂದ ದಿನ ಬಾಗಿಲು ತೆರೆದಿಡುತ್ತೇನೆ, ಮನೆಯಲ್ಲಿದ್ದಾಗ ಮಾತ್ರ. ಬ್ಯಾಕಪ್‌ನ ಇನ್ನೊಂದು ಪ್ರತಿ ಶಿವಮೊಗ್ಗದ ತಂಗಿ ಮನೆಯಲ್ಲಿದೆ.