ಇ-ಕಲಿಕೆ ಯೋಜನೆಗೆ ಅನುದಾನ ಕೇಳುತ್ತಿದ್ದೀರಾ? ಮೊದಲು ಕಲಿಯುವವರ ಬಗ್ಗೆ ಬರೆಯಿರಿ

ಅನುದಾನದ ಅರ್ಜಿ ಬರೆಯಲು ಕೂತವರು ಸಾಮಾನ್ಯವಾಗಿ ಪ್ಲಾಟ್‌ಫಾರ್ಮ್‌ನಿಂದಲೇ ಶುರು ಮಾಡುತ್ತಾರೆ. ವಿಡಿಯೊ ಇರುತ್ತದೆ, ಕ್ವಿಜ್ ಇರುತ್ತದೆ, ಮೊಬೈಲಲ್ಲೂ ನಡೆಯುತ್ತದೆ ಅಂತ ಎರಡು ಪುಟ. ಅದನ್ನು ಹಿಂದಕ್ಕೆ ಹಾಕಿ. ಯಾರಿಗೆ ಏನು ಬರುತ್ತಿಲ್ಲ, ಈಗಿನ ವ್ಯವಸ್ಥೆಯಲ್ಲಿ ಅದನ್ನು ಕಲಿಸಲು ಯಾಕೆ ಆಗುತ್ತಿಲ್ಲ ಅನ್ನುವುದು ಮೊದಲು ಬರಬೇಕು.

ಉದಾಹರಣೆಗೆ, ಹೊಸ ನರ್ಸ್‌ಗಳಿಗೆ ಔಷಧಿ ಪ್ರಮಾಣದ ಲೆಕ್ಕ ಕಷ್ಟವಾಗುತ್ತಿದೆ, ಬೇರೆ ಬೇರೆ ಶಿಫ್ಟ್ ಇರುವುದರಿಂದ ಎಲ್ಲರನ್ನೂ ಒಂದೇ ಹೊತ್ತಿಗೆ ತರಗತಿಗೆ ಕೂರಿಸಲು ಆಗುತ್ತಿಲ್ಲ ಅಂತ ಬರೆದರೆ, ಆನ್‌ಲೈನ್ ಯಾಕೆ ಬೇಕು ಅನ್ನುವುದಕ್ಕೆ ಬೇರೆ ವಿವರಣೆಯೇ ಬೇಡ. ಇದನ್ನು ಊಹಿಸಿ ಬರೆಯಬೇಡಿ. ಕಲಿಯುವವರ ಜೊತೆ ಕೂತು ಮಾತಾಡಿ, ಅವರ ಹತ್ತಿರ ಯಾವ ಫೋನ್ ಇದೆ, ನೆಟ್ ಎಷ್ಟು ಸಿಗುತ್ತದೆ ಅಂತಲೂ ಕೇಳಿ.

ಅನುದಾನದ ಪ್ರಕಟಣೆಯಲ್ಲಿ ಯಾವುದಕ್ಕೆ ಎಷ್ಟು ಅಂಕ ಅಂತ ಕೊಟ್ಟಿದ್ದರೆ, ಅದೇ ಅಂಶಗಳನ್ನು ನಿಮ್ಮ ಉಪಶೀರ್ಷಿಕೆ ಮಾಡಿಕೊಳ್ಳಿ. ಓದುವವರು ಹುಡುಕಾಡಬಾರದು.

ಹೊಸ ಪ್ಲಾಟ್‌ಫಾರ್ಮ್ ಕಟ್ಟುತ್ತೇವೆ ಅಂದರೆ ಬಲವಾದ ಕಾರಣ ಬೇಕು, ಯಾಕೆಂದರೆ ಆನ್‌ಲೈನ್ ಕೋರ್ಸ್ ನಡೆಸಲು ಮೂಡಲ್‌ನಂಥ ಮುಕ್ತ ತಂತ್ರಾಂಶ 2002ರಿಂದಲೇ ಇದೆ. ಪಾಠಗಳನ್ನು ಸ್ಕಾರ್ಮ್ (ಬೇರೆ ಬೇರೆ ಪ್ಲಾಟ್‌ಫಾರ್ಮ್‌ಗಳಲ್ಲೂ ನಡೆಯುವಂತೆ ಪಾಠ ಜೋಡಿಸುವ ಮಾನದಂಡ) ಮಾದರಿಯಲ್ಲಿ ಮಾಡಿದರೆ ನಾಳೆ ಬೇರೆ ಕಡೆಗೂ ಸಾಗಿಸಬಹುದು, ಇದನ್ನು ಅರ್ಜಿಯಲ್ಲಿ ಹೇಳಿ. ಕಣ್ಣು ಕಾಣದವರು, ಕಿವಿ ಕೇಳದವರು ಹೇಗೆ ಬಳಸುತ್ತಾರೆ ಅನ್ನುವುದನ್ನೂ ಬರೆಯಿರಿ. ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತೆ ಮಾಡುವುದು ಹೇಗೆ ಅಂತ ಹೇಳುವ, 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ ಇದಕ್ಕೆ ಒಳ್ಳೆಯ ಆಧಾರ.

ಇನ್ನು ಬಜೆಟ್. ಅರ್ಜಿ ಸೋಲುವುದು ಜಾಸ್ತಿ ಇಲ್ಲೇ ಅಂತ ನನ್ನ ಅನಿಸಿಕೆ. ತಂತ್ರಾಂಶ ಉಚಿತ ಇರಬಹುದು, ನಡೆಸುವುದು ಉಚಿತ ಅಲ್ಲವಲ್ಲ? ಸರ್ವರ್, ಬ್ಯಾಕಪ್, ಅಪ್‌ಡೇಟ್, ವಿಷಯ ತಜ್ಞರ ಸಮಯ, ವಿಡಿಯೊಗೆ ಕ್ಯಾಪ್ಶನ್, ನಿಜವಾದ ಕಲಿಯುವವರ ಮೇಲೆ ಪರೀಕ್ಷೆ, ಅದರಲ್ಲಿ ಕಂಡ ತಪ್ಪು ತಿದ್ದಲು ಮತ್ತೆ ರೆಕಾರ್ಡಿಂಗ್, ಲಾಗಿನ್ ಆಗದವರಿಗೆ ಉತ್ತರ ಕೊಡುವ ಒಬ್ಬ ವ್ಯಕ್ತಿ, ಇವೆಲ್ಲ ಲೆಕ್ಕದಲ್ಲಿ ಇರಲೇಬೇಕು. ಬಜೆಟ್‌ನ ಪ್ರತಿ ಸಾಲಿಗೂ ಕೆಲಸದ ಯೋಜನೆಯಲ್ಲಿ ಒಂದು ಜೋಡಿ ಇರಲಿ. ಸುಮ್ನೆ ‘ಇತರೆ’ ಅಂತ ದೊಡ್ಡ ಮೊತ್ತ ಇಡಬೇಡಿ.

ಫಲಿತಾಂಶ ಅಂದರೆ ಎಷ್ಟು ಜನ ನೋಂದಾಯಿಸಿದರು ಅನ್ನುವುದಲ್ಲ. ಮುಕ್ತ ಆನ್‌ಲೈನ್ ಕೋರ್ಸ್‌ಗಳಲ್ಲಿ ಸೇರಿದವರಲ್ಲಿ ಹೆಚ್ಚಿನವರು ಮುಗಿಸುವುದಿಲ್ಲ, ಇದು ಹಣ ಕೊಡುವವರಿಗೂ ಗೊತ್ತು. ತರಬೇತಿಯ ಫಲ ಅಳೆಯಲು ಅಮೆರಿಕದ ತಜ್ಞ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಹಂತಗಳು ಇಲ್ಲಿ ಈಗಲೂ ಉಪಯೋಗಕ್ಕೆ ಬರುತ್ತವೆ: ಕೋರ್ಸ್ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಏನು ಬದಲಾಯಿತು. ಕೋರ್ಸ್‌ಗೆ ಮೊದಲು ಒಂದು ಪರೀಕ್ಷೆ, ಮುಗಿದ ಮೇಲೆ ಒಂದು, ಕೆಲವು ತಿಂಗಳ ನಂತರ ಮತ್ತೊಂದು ಇಟ್ಟರೆ ಎರಡನೇ ಹಂತಕ್ಕೆ ಗಟ್ಟಿ ಪುರಾವೆ ಸಿಗುತ್ತದೆ. ಮೂರನೆಯದಕ್ಕೆ ಮೇಲಧಿಕಾರಿಗಳಿಂದ ಮಾಹಿತಿ ಪಡೆಯಿರಿ. ನಾಲ್ಕನೆಯದನ್ನು ಅಳೆಯಲು ಆಗದಿದ್ದರೆ ಮಾತು ಕೊಡಬೇಡಿ.

ಹಣ ಮುಗಿದ ಮೇಲೆ ಸರ್ವರ್ ಯಾರ ಹೆಸರಲ್ಲಿ ಇರುತ್ತದೆ, ಪಾಠ ಹಳತಾದಾಗ ಯಾರು ತಿದ್ದುತ್ತಾರೆ ಅಂತ ಹೆಸರು ಸಮೇತ ಬರೆಯಿರಿ, ಆ ಸಂಸ್ಥೆಯ ಒಪ್ಪಿಗೆ ಪತ್ರವನ್ನೂ ಲಗತ್ತಿಸಿ. ಆ ಪತ್ರ ಕೈಗೆ ಬರಲು ವಾರಗಳೇ ಹಿಡಿಯಬಹುದು, ಹಾಗಾಗಿ ಅರ್ಜಿ ಬರೆಯುವ ಮೊದಲೇ ಕೇಳಿಡಿ.